ಹಕ್ಕಿ ವಿಡಿಯೊಗೆ ಯಾವ ಕ್ಯಾಮ್‌ಕಾರ್ಡರ್? ಮೊದಲು ದೂರ ಅಳೆಯಿರಿ

ಗಾಣಗಾಪುರದಲ್ಲಿ ದತ್ತನ ದರ್ಶನ ಮುಗಿಸಿ ಭೀಮಾ-ಅಮರ್ಜಾ ಸಂಗಮಕ್ಕೆ ಹೋಗಿದ್ವಿ. ಸ್ನಾನದ ಗದ್ದಲದಿಂದ ಸ್ವಲ್ಪ ಆಚೆ ಒಂದು ಕಪ್ಪು-ಬಿಳಿ ಮಿಂಚುಳ್ಳಿ ಗಾಳಿಯಲ್ಲೇ ನಿಂತು ರೆಕ್ಕೆ ಬಡೀತಿತ್ತು. ಮೊಬೈಲ್ ತೆಗೆದು, ಅದು ನೀರಿಗೆ ಧುಮುಕೋವರೆಗೂ ಶೂಟ್ ಮಾಡಿದ್ವಿ. ಹಾಸ್ಟೆಲ್‌ನಲ್ಲಿ ತೋರಿಸಿದಾಗ ಬಂದ ಪ್ರಶ್ನೆ ಒಂದೇ: "ಇದ್ರಾಗ ಹಕ್ಕಿ ಎಲ್ಲದ ಲೇ?"

ಹತ್ತಿರ ಹೋಗಬಹುದಿತ್ತಲ್ಲ ಅಂತೀರಾ? ಹೊರಟಿದ್ವಿ. ದಂಡೆಯಲ್ಲಿದ್ದ ಅಂಬಿಗರೊಬ್ಬರು ತಡೆದರು: "ಬ್ಯಾಡ್ರಿ ತಮ್ಮಾ, ಆ ಮರಳಾಗ ತತ್ತಿ ಇರ್ತಾವ." ಹೊಳೆ ರೀವ ಬೇಸಿಗೆಯಲ್ಲಿ ಮರಳಿನ ದಿಬ್ಬದ ಮೇಲೆ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತೆ. ನಾವು ಹತ್ತಿರ ಹೋದ್ರೆ ತಾಯಿಹಕ್ಕಿ ಎದ್ದು ಹಾರುತ್ತೆ, ಮೊಟ್ಟೆ ಬಿಸಿಲಿಗೆ ಬೀಳುತ್ತೆ, ಕಾಗೆ ಕಾಯ್ತಾ ಇರುತ್ತೆ. ಹಾಗಾಗಿ ಎಷ್ಟು ದೂರ ನಿಲ್ಲಬೇಕು ಅನ್ನೋದನ್ನ ಹಕ್ಕಿಯೇ ಹೇಳುತ್ತೆ. ಕ್ಯಾಮೆರಾ ಆಯ್ಕೆ ಅಲ್ಲಿಂದ ಶುರು.

ಲೆಕ್ಕ ಸುಲಭ. 35 ಎಂಎಂ ಫಿಲ್ಮಿಗೆ ಸಮನಾದ ಫೋಕಲ್ ಲೆಂತ್ ತಗೊಳ್ಳಿ. 36ನ್ನು ಅದರಿಂದ ಭಾಗಿಸಿ, ದೂರದಿಂದ ಗುಣಿಸಿದರೆ ಫ್ರೇಮಿನಲ್ಲಿ ಕಾಣುವ ಅಗಲ ಸಿಗುತ್ತೆ. ನಮ್ಮ ಮಿಂಚುಳ್ಳಿ ಸುಮಾರು 25 ಸೆಂ.ಮೀ. ಉದ್ದ, ದೂರ 50 ಮೀಟರ್ ಅಂದ್ಕೊಳ್ಳಿ. 4ಕೆ ಫ್ರೇಮಿನ ಅಗಲ 3840 ಪಿಕ್ಸೆಲ್.

* ಮೊಬೈಲಿನ ಮುಖ್ಯ ಲೆನ್ಸ್, 26 ಎಂಎಂ: ಅಗಲ 69 ಮೀಟರ್, ಹಕ್ಕಿ ಬರೀ 14 ಪಿಕ್ಸೆಲ್.
* ಸೋನಿ ಎಎಕ್ಸ್53 ತರದ 20 ಪಟ್ಟು ಜೂಮಿನ ಕ್ಯಾಮ್‌ಕಾರ್ಡರ್, 536 ಎಂಎಂ: ಅಗಲ 3.4 ಮೀಟರ್, ಹಕ್ಕಿ ಸುಮಾರು 285 ಪಿಕ್ಸೆಲ್.
* ನಿಕಾನ್ ಪಿ1000, 3000 ಎಂಎಂ: ಅಗಲ 60 ಸೆಂ.ಮೀ., ಹಕ್ಕಿ 1600 ಪಿಕ್ಸೆಲ್.

ಹಾಗಾದ್ರೆ ಮೂರನೆಯದೇ ಬೆಸ್ಟಾ? ಕೂತ ಹಕ್ಕಿಗೆ ಹೌದು. ಹಾರೋ ಹಕ್ಕಿ 60 ಸೆಂ.ಮೀ. ಫ್ರೇಮಿನಿಂದ ಕಣ್ಣು ಮಿಟುಕಿಸೋದ್ರೊಳಗೆ ಮಾಯ. ಕೈ ಚೂರು ನಡುಗಿದರೂ ಅಷ್ಟೇ. ಬಿಸಿಲೇರಿದ ಮೇಲೆ ಮರಳಿನ ಮೇಲಿನ ಗಾಳಿ ಅಲೆಅಲೆಯಾಗುತ್ತೆ. ಆಗ ಜೂಮ್ ಹೆಚ್ಚಿಸಿದಷ್ಟೂ ಚಿತ್ರ ಕಲಸಿಹೋಗುತ್ತೆ. ಅದಕ್ಕೆ ಬೆಳಗಿನ ಹೊತ್ತೇ ಮದ್ದು.

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದ ಡಿಜಿಟಲ್ ಜೂಮ್ ಸಂಖ್ಯೆ ಮರೆತುಬಿಡಿ. ಅದು ಇರೋ ಪಿಕ್ಸೆಲ್‌ಗಳನ್ನೇ ಹಿಗ್ಗಿಸುತ್ತೆ, ಹೊಸ ವಿವರ ಕೊಡಲ್ಲ. ಅಂಗಡಿಯಲ್ಲಿ ನೋಡಬೇಕಾದ್ದು ಇಷ್ಟು:

1. ಆಪ್ಟಿಕಲ್ ಜೂಮ್ ಎಷ್ಟು?
2. ವ್ಯೂಫೈಂಡರ್ ಇದೆಯಾ? ನಮ್ಮ ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ. ಎಎಕ್ಸ್53ಗೆ ಇದೆ, ತಮ್ಮನಂತಿರೋ ಎಎಕ್ಸ್43ಗೆ ಇಲ್ಲ.
3. ಸೆಕೆಂಡಿಗೆ 50 ಫ್ರೇಮ್ ಬರುತ್ತಾ? ಬಂದರೆ ಅದನ್ನ 25ರಲ್ಲಿ ಓಡಿಸಿ ಧುಮುಕೋದನ್ನ ಅರ್ಧ ವೇಗದಲ್ಲಿ ನೋಡಬಹುದು.
4. ಹೊರಗಿನ ಮೈಕ್ ಹಾಕಲು ಜಾಗ ಇದೆಯಾ? ಹೊಳೆಗಾಳಿ ಶಬ್ದವನ್ನೆಲ್ಲ ನುಂಗುತ್ತೆ.

ಬಜೆಟ್‌ನಲ್ಲಿ ಟ್ರೈಪಾಡಿಗೂ ದುಡ್ಡು ಎತ್ತಿಡಿ. ಫ್ಲೂಯಿಡ್ ಹೆಡ್ ಇದ್ದರೆ ಹಕ್ಕಿಯ ಹಿಂದೆ ಕ್ಯಾಮೆರಾ ಜರ್ಕ್ ಇಲ್ಲದೆ ತಿರುಗುತ್ತೆ. ಕೊಳ್ಳೋ ಮುಂಚೆ ಒಂದು ದಿನ ಬಾಡಿಗೆಗೆ ತಂದು, ಕ್ಯಾಂಪಸ್ಸಿನ ಕಾಗೆ ಮೇಲೆ 50 ಮೀಟರ್‌ನಿಂದ ಟೆಸ್ಟ್ ಮಾಡಿ. ಆ ದೂರದಲ್ಲಿ ಕಾಗೆಯ ಕಣ್ಣು ಕಂಡರೆ, ಸಂಗಮದ ಮರಳಿಗೆ ನೀವು ಕಾಲಿಡಬೇಕಾಗಿಲ್ಲ.