ಎಡಕ್ಕೊಂದು ಮೊಳ, ಬಲಕ್ಕೊಂದು ಮೊಳ

ಲಾರಿಯನ್ನು ನಾವೆಲ್ಲ ಹೊರಗಿನಿಂದ ನೋಡಿದ್ದೇವೆ. ಒಳಗೆ ಕೂತು ರಸ್ತೆ ನೋಡುವುದೇ ಬೇರೆ. ನಾವು ಮೂರು ಜನ ಹೆಂಗಸರು ಲಾರಿ ಓಡಿಸುವುದನ್ನು ಕಲಿತೆವು. "ಇದು ಹೆಂಗಸರ ಕೆಲಸವೇನ್ರೇ?" ಅಂದರು ಊರಿನವರು. ಅನ್ನಲಿ ಬಿಡಿ.

ಮೊದಲು ಲಾರಿ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಸರಕಾರ ಆ ನಿಯಮ ತೆಗೆಯಿತು. ಈಗ 20 ವರ್ಷ ತುಂಬಿರಬೇಕು. ಕಾರಿನಂಥ ಸಣ್ಣ ಗಾಡಿಯ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಶಾಲೆ ಬಿಟ್ಟ ನಮಗೂ ದಾರಿ ಆಯಿತು.

ಗೇರು, ಬ್ರೇಕು ಬೇಗ ಕೈಗೆ ಬಂದವು. ಲಾರಿಯನ್ನು ಲೇನಿನ ನಡುವೆ ಇಡುವುದೇ ಕಷ್ಟವಾಯಿತು. ರಸ್ತೆಯ ನಡುವೆ ಬಿಳಿ ಪಟ್ಟೆ ಇರುತ್ತದೆ. ಅದರ ಎಡಕ್ಕೆ ಇರುವ ನಮ್ಮ ಭಾಗವೇ ಲೇನು. ಹೆದ್ದಾರಿಯಲ್ಲಿ ಲೇನಿನ ಅಗಲ 3.5 ಮೀಟರ್. ದೊಡ್ಡ ಲಾರಿಯ ಅಗಲ 2.6 ಮೀಟರ್ ವರೆಗೆ ಇರಬಹುದು. ಉಳಿಯುವುದು 90 ಸೆಂಟಿಮೀಟರ್. ಅಂದರೆ ಎಡಕ್ಕೊಂದು ಮೊಳ, ಬಲಕ್ಕೊಂದು ಮೊಳ. ಅಷ್ಟೇ!

ಡ್ರೈವರ್ ಕೂರುವುದು ಬಲಗಡೆ. ಹೊಸಬರು ತಾವು ಲೇನಿನ ನಡುವೆ ಇದ್ದರೆ ಲಾರಿಯೂ ನಡುವೆ ಇದೆ ಅಂದುಕೊಳ್ಳುತ್ತಾರೆ. ಆಗ ಲಾರಿಯ ಎಡ ಮಗ್ಗುಲು ಟಾರಿನ ಅಂಚು ದಾಟಿರುತ್ತದೆ. ಎದುರು ಬಸ್ಸು ಬಂದರೆ ಹೆದರಿ ಇನ್ನೂ ಎಡಕ್ಕೆ ಎಳೆಯುತ್ತೇವೆ.

ರಸ್ತೆಗೆ ಇಳಿದ ಎರಡನೇ ದಿನ ನಮಗೂ ಹೀಗೇ ಆಯಿತು. ಎಡಗಾಲಿ ಮಣ್ಣಿಗೆ ಇಳಿಯಿತು. ಅಲ್ಲಿ ಹುಲ್ಲಿನ ಹೊರೆ ಹೊತ್ತ ತಾಯಿಯೊಬ್ಬರು ನಡೆಯುತ್ತಿದ್ದರು. ಹೊರೆ ಬಿಸಾಕಿ ಚರಂಡಿಗೆ ಹಾರಿದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವರು ಬೈದದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಕೈಕಾಲು ನಡುಗಿದವು.

ಕಲಿಸುತ್ತಿದ್ದವರು ಹಳೆಯ ಡ್ರೈವರ್. ನಾವು ಅವರನ್ನು ಮಾವ ಅಂತಿದ್ದೆವು. ಅವರು ಬೈಯಲಿಲ್ಲ. "ಕೊಡ ಹೊತ್ತಾಗ ಕಾಲು ನೋಡ್ಕೊಂಡು ನಡೀತೀಯೇನವ್ವಾ? ದೂರ ನೋಡ್ತೀಯಲ್ಲ, ಇಲ್ಲೂ ಹಂಗೇ" ಅಂದರು. ಬಾನೆಟ್ಟಿನ ಮುಂದಿನ ಟಾರು ನೋಡಬಾರದು. ದೂರದಲ್ಲಿ ರಸ್ತೆ ಎಲ್ಲಿಗೆ ಹೋಗುತ್ತದೋ ಅಲ್ಲಿ ಕಣ್ಣಿಡಬೇಕು. ನಡುಪಟ್ಟೆ ನಮ್ಮ ಬಲಕ್ಕೆ ಹತ್ತಿರವೇ ಕಾಣುತ್ತದೆ. ಹೆದರಬಾರದು.

ಆಗಾಗ ಎರಡೂ ಕನ್ನಡಿ ನೋಡಬೇಕು. ಹಿಂದಿನ ಗಾಲಿಗೂ ಪಟ್ಟೆಗೂ ನಡುವಿನ ಜಾಗ ಎರಡೂ ಕಡೆ ಸಮ ಇರಬೇಕು. ಕನ್ನಡಿಯನ್ನೇ ನೋಡುತ್ತಾ ಕೂತರೆ ಲಾರಿ ಆ ಕಡೆಗೇ ಸರಿಯುತ್ತದೆ! ಸ್ಟೇರಿಂಗನ್ನು ಸ್ವಲ್ಪವೇ ತಿರುಗಿಸಬೇಕು. ಜಾಸ್ತಿ ತಿರುಗಿಸಿದರೆ ಹಾವಿನಂತೆ ಅತ್ತ ಇತ್ತ ಹೊರಳುತ್ತದೆ.

ರಸ್ತೆಯಲ್ಲಿ ನಡೆಯುವ ಅಕ್ಕಂದಿರಿಗೂ ಒಂದು ಮಾತು. ತಿರುವಿನಲ್ಲಿ ಲಾರಿಯ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲೇ ಬರುವುದಿಲ್ಲ. ಒಳಮಗ್ಗುಲಿಗೆ ಒತ್ತಿಕೊಂಡು ಬರುತ್ತದೆ. ಅಲ್ಲಿ ನಿಲ್ಲಬೇಡಿ. ಎಡ ಬಾಗಿಲಿನ ಕೆಳಗೆ ನಿಂತವರು ಡ್ರೈವರಿಗೆ ಕಾಣುವುದಿಲ್ಲ.

ಹುಲ್ಲಿನ ಆ ತಾಯಿ ಈಗಲೂ ಅದೇ ದಾರೀಲಿ ಸಿಗ್ತಾರೆ. ನಾವು ಒಂದು ಮೊಳ ಬಿಟ್ಟೇ ಹೋಗುತ್ತೇವೆ. ಅವರು ಮಾತ್ರ ನಮ್ಮ ಲಾರಿ ಕಂಡ ಕೂಡಲೇ ಚರಂಡಿ ಕಡೆ ಸರೀತಾರೆ.