ಬೇಕೆಂದೇ ತಪ್ಪು ಹೇಳುವ ಬಿಲ್ಲೆ: ಸಮ–ಬೆಸದ ಒಂದು ಪಾಠ

ಸಮ–ಬೆಸ ಸಂಖ್ಯೆಗಳಿಂದ ಏನು ಉಪಯೋಗ ಎಂಬ ಪ್ರಶ್ನೆಗೆ ಉತ್ತರವಾಗಿ 9ನೇ ತರಗತಿಗೆ ನಾನು ಈ ಪಾಠವನ್ನು ರೂಪಿಸಿದೆ. ಬೇಕಾದ ಸಾಮಗ್ರಿ: ಚೀಟಿಗಳು, ಎರಡು ನಾಣ್ಯ.

ಪೀಠಿಕೆ: ಟೋಲ್‌ಗೇಟಿನ ಫಾಸ್ಟ್ಯಾಗ್ ಮಕ್ಕಳಿಗೆ ಪರಿಚಿತ. ಇಂಥ ಆರ್‌ಎಫ್‌ಐಡಿ ಬಿಲ್ಲೆಯಲ್ಲಿ ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರದ ರೇಡಿಯೊ ಅಲೆಯೇ ಅದಕ್ಕೆ ಶಕ್ತಿ. ತನ್ನ ಸಂಖ್ಯೆಯನ್ನಷ್ಟೇ ಹೇಳುವ ಬಿಲ್ಲೆಯನ್ನು ಕದ್ದು ಕೇಳಿದವರು ನಕಲು ಮಾಡಬಹುದು. ಅಗ್ಗದ ಬಿಲ್ಲೆಗೆ ದೊಡ್ಡ ಲೆಕ್ಕ ಮಾಡುವ ಸಾಮರ್ಥ್ಯವೂ ಇಲ್ಲ. ಗುಟ್ಟನ್ನು ಹೇಳದೆಯೇ ಗುಟ್ಟು ತನಗೆ ಗೊತ್ತೆಂದು ಅದು ತೋರಿಸುವುದು ಹೇಗೆ?

ಚಟುವಟಿಕೆ 1: ಒಬ್ಬರು ಯಂತ್ರ, ಇನ್ನೊಬ್ಬರು ಬಿಲ್ಲೆ. ಇಬ್ಬರಿಗೂ ಗೊತ್ತಿರುವ ಗುಟ್ಟು 1011. ಯಂತ್ರ 1101 ಎಂದು ಕೇಳುತ್ತದೆ. ಎರಡರಲ್ಲೂ 1 ಇರುವ ಸ್ಥಾನಗಳು ಎರಡು. ಸಮ, ಆದ್ದರಿಂದ ಉತ್ತರ 0. 0110 ಎಂದು ಕೇಳಿದರೆ ಒಂದೇ ಸ್ಥಾನ. ಬೆಸ, ಉತ್ತರ 1. ಉಳಿದ ಮಕ್ಕಳು ಕದ್ದು ಕೇಳುವವರು. ಒಂದನ್ನೊಂದು ಅವಲಂಬಿಸದ ನಾಲ್ಕು ಪ್ರಶ್ನೋತ್ತರ ಸಿಕ್ಕರೆ ಸಾಕು, ಏಕಕಾಲಿಕ ಸಮೀಕರಣಗಳಂತೆ ಬಿಡಿಸಿ ಗುಟ್ಟನ್ನು ಕಂಡುಹಿಡಿಯುತ್ತಾರೆ.

ಚಟುವಟಿಕೆ 2: ಈಗ ಬಿಲ್ಲೆ ಪ್ರತಿ ಉತ್ತರಕ್ಕೂ ಮೊದಲು ಎರಡು ನಾಣ್ಯ ಚಿಮ್ಮಬೇಕು. ಎರಡೂ ತಲೆ ಬಿದ್ದರೆ ಉತ್ತರವನ್ನು ತಿರುಗಿಸಿ ಹೇಳಬೇಕು. 20 ಪ್ರಶ್ನೆಗಳಲ್ಲಿ ನಿಜವಾದ ಬಿಲ್ಲೆಗೆ ಸರಾಸರಿ 15 ಸರಿ; ಊಹಿಸುವವರಿಗೆ 10. ಯಂತ್ರ ಇಬ್ಬರನ್ನೂ ಬೇರ್ಪಡಿಸಬಲ್ಲದು. ಕದ್ದು ಕೇಳುವವರಿಗೆ ಮಾತ್ರ ಯಾವ ಸಮೀಕರಣ ಸುಳ್ಳೆಂದು ತಿಳಿಯದು. ಸಮೀಕರಣಗಳನ್ನು ಕೂಡಿಸಿದಂತೆಲ್ಲ ತಪ್ಪು ಬೆರೆಯುತ್ತದೆ.

ಬೋಧಕರಿಗೆ: 4 ಅಂಕಿಯ ಗುಟ್ಟು ತರಗತಿಗಷ್ಟೇ. ಸಾಧ್ಯವಿರುವ 16 ಗುಟ್ಟುಗಳನ್ನೂ ಒಂದೊಂದಾಗಿ ಪರೀಕ್ಷಿಸಬಹುದು; ನಿಜದಲ್ಲಿ ನೂರಾರು ಅಂಕಿ ಬೇಕು. 2001ರಲ್ಲಿ ಹಾಪರ್ ಮತ್ತು ಬ್ಲಮ್ ಈ ವಿಧಾನವನ್ನು ರೂಪಿಸಿದ್ದು ಮನುಷ್ಯರು ಕೈಲೆಕ್ಕದಲ್ಲೇ ಗುರುತು ಸಾಬೀತುಪಡಿಸಲೆಂದು. ಆದ್ದರಿಂದಲೇ ಅದು ತರಗತಿಗೂ ಒಗ್ಗುತ್ತದೆ.

ಮೌಲ್ಯಮಾಪನ: “ಕಳ್ಳ ಯಂತ್ರವೊಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ?” ಹೆಚ್ಚು ಸಲ ಬಂದ ಉತ್ತರವೇ ಬಹುತೇಕ ನಿಜ ಎಂದು ಮಕ್ಕಳು ತಾವೇ ಹೇಳುವವರೆಗೆ ಕಾಯಿರಿ. ಈ ದೋಷಕ್ಕಾಗಿಯೇ 2005ರಲ್ಲಿ ಜ್ಯುವೆಲ್ಸ್ ಮತ್ತು ವೈಸ್, ಬಿಲ್ಲೆಯೂ ತನ್ನದೊಂದು ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸುವ ಸುಧಾರಿತ ವಿಧಾನವನ್ನು ಆರ್‌ಎಫ್‌ಐಡಿಗಾಗಿ ಮುಂದಿಟ್ಟರು. ನಡುವೆ ನಿಂತು ಸಂದೇಶಗಳನ್ನು ತಿದ್ದುವವರು ಅದನ್ನೂ ಮುರಿಯಬಲ್ಲರೆಂದು ಗಿಲ್ಬರ್ಟ್, ರಾಬ್‌ಶಾ, ಸಿಬರ್ಟ್ ಅದೇ ವರ್ಷ ತೋರಿಸಿದರು. ಆದ್ದರಿಂದ ಪಾಠವನ್ನು “ಇದು ಸುರಕ್ಷಿತ” ಎಂದು ಮುಗಿಸದೆ, “ಯಾರಿಂದ ಸುರಕ್ಷಿತ?” ಎಂದು ಕೇಳಿ ಮುಗಿಸಬೇಕೆಂಬುದು ನನ್ನ ಸಲಹೆ.