ಸೇನೆಯಿಂದ ಬಂದ ಟ್ರಕ್ಕಿಗೆ ಪವರ್ ಸ್ಟಿಯರಿಂಗ್

ಯಾವ ಗಾಡಿಗೇ ಆಗಲಿ ಎರಡು ಬಗೆಯ ಬಲ ಬೇಕು. ಮುಂದಕ್ಕೆ ಎಳೆಯುವ ಬಲ ಒಂದು. ದಿಕ್ಕನ್ನು ತಿರುಗಿಸುವ ಬಲ ಇನ್ನೊಂದು. ಎತ್ತಿನ ಗಾಡಿಯಲ್ಲಿ ಈ ಎರಡನ್ನೂ ಎತ್ತುಗಳೇ ಒದಗಿಸುತ್ತವೆ. ಗಾಡಿ ಹೊಡೆಯುವವನು ಒಂದು ಎತ್ತಿನ ಹಗ್ಗವನ್ನು ಬಿಗಿಹಿಡಿದು ಇನ್ನೊಂದನ್ನು ಚುರುಕುಗೊಳಿಸಿದರೆ ಸಾಕು, ನೊಗ ತಿರುಗಿ ಗಾಡಿಯೂ ತಿರುಗುತ್ತದೆ. ಅವನು ಕೊಡುವುದು ಸೂಚನೆ. ಶಕ್ತಿಯನ್ನು ವ್ಯಯಿಸುವುದು ಎತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೈನ್ಯದ ಫಿರಂಗಿಗಳನ್ನು ಎಳೆದು ಹೆಸರಾದ ಅಮೃತಮಹಲ್ ಎತ್ತುಗಳು ಮಾಡಿದ್ದೂ ಈ ಎರಡು ಕೆಲಸಗಳನ್ನೇ.

ಮೋಟಾರು ಲಾರಿ ಬಂದಾಗ ಎಳೆಯುವ ಹೊಣೆಯನ್ನು ಎಂಜಿನ್ ವಹಿಸಿಕೊಂಡಿತು. ತಿರುಗಿಸುವ ಹೊಣೆ ಮಾತ್ರ ಚಾಲಕನ ರಟ್ಟೆಗೆ ಬಿತ್ತು. ಪವರ್ ಸ್ಟಿಯರಿಂಗ್ ಎಂಬ ಸಾಧನವು ಈ ಹೊರೆಯನ್ನೂ ಎಂಜಿನ್ನಿಗೆ ವರ್ಗಾಯಿಸಿ, ಚಾಲಕನನ್ನು ಮತ್ತೆ ಸೂಚನೆ ಕೊಡುವವನ ಸ್ಥಾನದಲ್ಲಿ ಕೂರಿಸುತ್ತದೆ. ಸೇನೆಯಿಂದ ಹೊರಬಂದ ಹಳೆಯ ಟ್ರಕ್ಕುಗಳಿಗೆ ಇದನ್ನು ಅಳವಡಿಸುವಾಗ ಅರಿತಿರಬೇಕಾದ ತತ್ತ್ವವನ್ನೂ ವಹಿಸಬೇಕಾದ ಎಚ್ಚರಿಕೆಗಳನ್ನೂ ಸಂಗ್ರಹವಾಗಿ ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೇನಾ ಟ್ರಕ್ಕುಗಳ ಬಗೆ

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದ ಬಳಿಕ ಮಿತ್ರರಾಷ್ಟ್ರಗಳ ಸೈನ್ಯಕ್ಕೆ ಬೇಡವಾದ ಅಸಂಖ್ಯ ವಾಹನಗಳು ನಾಗರಿಕರ ಕೈಸೇರಿದವು. ಫೋರ್ಡ್, ಷೆವ್ರೊಲೆ, ಜಿ.ಎಂ.ಸಿ. ಟ್ರಕ್ಕುಗಳನ್ನೂ ವಿಲ್ಲಿಸ್ ಜೀಪುಗಳನ್ನೂ ನಮ್ಮ ಜನ 'ಡಿಸ್ಪೋಸಲ್ ಗಾಡಿ' ಎಂದು ಕರೆದರು. ಮಲೆನಾಡು, ಕೊಡಗುಗಳ ಮರದ ಸಾಗಣೆಗೆ ಇಂಥ ಗಾಡಿಗಳು ಬಹುಕಾಲ ದುಡಿದಿವೆ. ಅನಂತರ ನಮ್ಮ ದೇಶದಲ್ಲಿಯೇ ಜಬ್ಬಲಪುರದಲ್ಲಿ ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿಯಡಿ 'ಶಕ್ತಿಮಾನ್' ಟ್ರಕ್ಕಿನ ತಯಾರಿಕೆ 1959ರಲ್ಲಿ ಆರಂಭವಾಗಿ 1996ರವರೆಗೆ ನಡೆಯಿತು. ಅಲ್ಲಿಯೇ ತಯಾರಾದ ನಿಸ್ಸಾನ್ ಒನ್ ಟನ್ ಗಾಡಿಯೂ ಪ್ರಸಿದ್ಧವಾದುದೇ. ಸೇನೆಯು ಸೇವೆಯಿಂದ ಬಿಡುಗಡೆ ಮಾಡಿದ ವಾಹನಗಳು ಹರಾಜಿನ ಮೂಲಕ ಮಾರಾಟವಾಗುತ್ತವೆ.

ಹಳೆಯ ಸೇನಾ ಟ್ರಕ್ಕುಗಳಲ್ಲಿ ಬಹುಪಾಲಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ಯುದ್ಧಭೂಮಿಯಲ್ಲಿ ಸರಳವಾದ ಯಂತ್ರವೇ ಶ್ರೇಷ್ಠ. ಕೆಡುವ ಭಾಗಗಳು ಕಡಿಮೆಯಿದ್ದಷ್ಟೂ ದುರಸ್ತಿ ಸುಲಭ. ಆದರೆ ಪಾಂಡವಪುರದ ಕಬ್ಬಿನ ಗದ್ದೆಯ ಬದಿ, ಮೇಲುಕೋಟೆಯ ಏರುತಿರುವು, ನಾಗಮಂಗಲದ ಕಲ್ಲುನೆಲ, ಕೃಷ್ಣರಾಜಪೇಟೆಯ ನಾಲಾ ಏರಿ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಇಕ್ಕಟ್ಟಾದ ಬೀದಿ, ಇಂಥ ಎಡೆಗಳಲ್ಲಿ ದಿನವಿಡೀ ಭಾರ ಹೊತ್ತು ಹಿಂದುಮುಂದಾಗಿ ತಿರುಗಿಸಬೇಕಾದ ಚಾಲಕನಿಗೆ ಈ ಸರಳತೆಯೇ ಶ್ರಮವಾಗಿ ಪರಿಣಮಿಸುತ್ತದೆ.

ಭಾರಕ್ಕೆ ಕಾರಣವೇನು?

ನಿಂತ ಗಾಡಿಯ ಚಕ್ರವನ್ನು ತಿರುಗಿಸುವಾಗ ಟೈರು ನೆಲದ ಮೇಲೆ ಉಜ್ಜಿಕೊಂಡೇ ತಿರುಗಬೇಕು. ಮುಂದಿನ ಅಚ್ಚಿನ ಮೇಲೆ ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಸೇನಾ ಟ್ರಕ್ಕಿನ ಮುಂದಿನ ಅಚ್ಚಿನಲ್ಲಿ ಡಿಫರೆನ್ಷಿಯಲ್, ಕೀಲುಗಳು ಎಲ್ಲವೂ ಇರುವುದರಿಂದ ಅದು ಸ್ವಭಾವತಃ ಭಾರವಾದದ್ದು, ಟೈರುಗಳೂ ದೊಡ್ಡವು. ಇದನ್ನು ಎದುರಿಸಲು ತಯಾರಕರು ದೊಡ್ಡ ಸ್ಟಿಯರಿಂಗ್ ಚಕ್ರವನ್ನೂ ಹೆಚ್ಚಿನ ಗೇರು ಅನುಪಾತವನ್ನೂ ಕೊಟ್ಟರು. ಚಾಲಕನು 25 ಸೆಂಟಿಮೀಟರ್ ತ್ರಿಜ್ಯದ ಚಕ್ರದ ಅಂಚಿನಲ್ಲಿ 20 ಕಿಲೋಗ್ರಾಂ ಬಲ ಹಾಕಿದನೆನ್ನೋಣ. ತಿರುಚುಬಲ 500 ಕಿಲೋಗ್ರಾಂ-ಸೆಂಟಿಮೀಟರ್. ಅನುಪಾತ 25 ಆಗಿದ್ದರೆ, ಘರ್ಷಣೆಯ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದಾಗ, ಅದು 12,500ಕ್ಕೆ ಏರುತ್ತದೆ. ಆದರೆ ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು: ಚಕ್ರವನ್ನು ಸುತ್ತುಸುತ್ತಾಗಿ ತಿರುಗಿಸುತ್ತಲೇ ಇರಬೇಕು.

ಮೊದಲು ಮಾಡಬೇಕಾದ ಪರೀಕ್ಷೆ

ಸ್ಟಿಯರಿಂಗ್ ಭಾರವೆಂದೊಡನೆ ಪಂಪು ಕೊಳ್ಳಲು ಹೊರಡುವುದು ವಿವೇಕವಲ್ಲ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ, ಕಿಂಗ್ ಪಿನ್ನುಗಳು ಗ್ರೀಸಿಲ್ಲದೆ ಒಣಗಿದ್ದರೂ, ಅಚ್ಚಿನ ಭಾರ ಹೊರುವ ಬೇರಿಂಗು ಸವೆದಿದ್ದರೂ, ಚಕ್ರಗಳ ಜೋಡಣೆಯ ಅಳತೆ ತಪ್ಪಿದ್ದರೂ ಸ್ಟಿಯರಿಂಗ್ ಬಿಗಿಯಾಗುತ್ತದೆ. ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರಗಳ ಚಾಲನೆಯನ್ನು ಬಿಡಿಸದೆ ಓಡಿಸುವುದೂ ಒಂದು ಕಾರಣ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆಬೇರೆ ದೂರ ಕ್ರಮಿಸಬೇಕಾದುದರಿಂದ ಯಂತ್ರಾಂಗಗಳು ಪರಸ್ಪರ ಸೆಣಸುತ್ತವೆ. ಈ ದೋಷಗಳನ್ನು ಮೊದಲು ಸರಿಪಡಿಸಬೇಕು. ಇವನ್ನು ಹಾಗೆಯೇ ಬಿಟ್ಟು ಪವರ್ ಸ್ಟಿಯರಿಂಗ್ ಹಾಕಿದರೆ ದೋಷ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಚಾಲಕನ ಕೈಗೆ ತಿಳಿಯುತ್ತಿದ್ದ ಎಚ್ಚರಿಕೆಯೊಂದು ಅಲ್ಲಿಗೆ ನಿಂತುಹೋಗುತ್ತದೆ.

ತತ್ತ್ವ ಮತ್ತು ಲೆಕ್ಕ

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಇದನ್ನು ಆಧರಿಸಿದ ಒತ್ತುಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದನು. ಅಮೆರಿಕದ ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿ ದುಡಿದಿದ್ದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಇದೇ ತತ್ತ್ವದ ಸ್ಟಿಯರಿಂಗನ್ನು ಪ್ರದರ್ಶಿಸಿದನು. ಯುದ್ಧಕಾಲದಲ್ಲಿ ಭಾರಿ ಸೇನಾ ವಾಹನಗಳಲ್ಲಿ ಅದು ಬಳಕೆಗೆ ಬಂತು. 1951ರಲ್ಲಿ ಕ್ರೈಸ್ಲರ್ ಕಂಪನಿ ಅದನ್ನು ಮಾರಾಟದ ಕಾರಿನಲ್ಲಿ ಅಳವಡಿಸಿತು.

ಸಾಧನದ ಅಂಗಗಳು ನಾಲ್ಕು: ಎಂಜಿನ್ ತಿರುಗಿಸುವ ಪಂಪು, ಎಣ್ಣೆಯ ತೊಟ್ಟಿ, ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಬಿಡುವ ಕವಾಟ, ಮತ್ತು ಪಿಸ್ಟನ್ ಇರುವ ಸಿಲಿಂಡರು. ಚಾಲಕ ಚಕ್ರವನ್ನು ತಿರುಗಿಸಿದಾಗ ಕವಾಟ ಕೊಂಚವೇ ಸರಿದು ಎಣ್ಣೆಗೆ ದಾರಿ ಕೊಡುತ್ತದೆ. ಅವನು ತಿರುಗಿಸುವುದನ್ನು ನಿಲ್ಲಿಸಿದೊಡನೆ ಕವಾಟ ಮಧ್ಯಸ್ಥಿತಿಗೆ ಮರಳುತ್ತದೆ.

ಸಿಲಿಂಡರಿನ ಒಳವ್ಯಾಸ 5 ಸೆಂಟಿಮೀಟರ್ ಇದ್ದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 19.6 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಂ ಒತ್ತಡದಲ್ಲಿ ದೊರೆಯುವ ಬಲ ಸುಮಾರು 1,370 ಕಿಲೋಗ್ರಾಂ. ದಂಡವಿರುವ ಬದಿಯಲ್ಲಿ, ದಂಡದ ವ್ಯಾಸ 2 ಸೆಂಟಿಮೀಟರ್ ಆದರೆ, ವಿಸ್ತೀರ್ಣ 16.5ಕ್ಕೆ ಇಳಿದು ಬಲ ಸುಮಾರು 1,155 ಕಿಲೋಗ್ರಾಂ ಆಗುತ್ತದೆ. ಒಂಟಿ ಸಿಲಿಂಡರ್ ಹಾಕಿದ ಗಾಡಿಯಲ್ಲಿ ಎಡಕ್ಕೂ ಬಲಕ್ಕೂ ಸಹಾಯ ಏಕಪ್ರಕಾರವಾಗಿರದಿರಲು ಇದೇ ಕಾರಣ.

ಪಂಪು ಎಷ್ಟು ದೊಡ್ಡದಿರಬೇಕು? ಪಿಸ್ಟನ್ 25 ಸೆಂಟಿಮೀಟರ್ ಚಲಿಸಲು ಬೇಕಾದ ಎಣ್ಣೆ 490 ಘನ ಸೆಂಟಿಮೀಟರ್. ಅದು 3 ಸೆಕೆಂಡಿನಲ್ಲಿ ಆಗಬೇಕಾದರೆ ನಿಮಿಷಕ್ಕೆ ಸುಮಾರು 10 ಲೀಟರ್ ಹರಿಯಬೇಕು. ಸಹಾಯ ಹೆಚ್ಚು ಬೇಕಾಗುವುದು ಗಾಡಿ ನಿಧಾನವಾಗಿ ತಿರುಗುವಾಗ. ಆದುದರಿಂದ ಈ ಪ್ರಮಾಣ ಎಂಜಿನ್ನಿನ ಮಂದಗತಿಯಲ್ಲಿಯೇ ದೊರೆಯಬೇಕು.

ಅಳವಡಿಕೆಯ ಮೂರು ಮಾರ್ಗಗಳು

ಮೊದಲನೆಯದು, ಹಳೆಯ ಸ್ಟಿಯರಿಂಗ್ ಬಾಕ್ಸನ್ನು ತೆಗೆದು, ಕವಾಟ ಮತ್ತು ಪಿಸ್ಟನ್ ಒಳಗೇ ಇರುವ ಬಾಕ್ಸನ್ನು ಕೂರಿಸುವುದು. ಇದು ಅಚ್ಚುಕಟ್ಟಾದ ಕ್ರಮ. ಎರಡನೆಯದು, ಹಳೆಯ ಬಾಕ್ಸನ್ನು ಉಳಿಸಿಕೊಂಡು, ಡ್ರ್ಯಾಗ್ ಲಿಂಕಿನಲ್ಲಿ ಕವಾಟವನ್ನೂ ಟೈ ರಾಡಿಗೆ ಸಿಲಿಂಡರನ್ನೂ ಜೋಡಿಸುವುದು. ಮೂರನೆಯದು, ಚಕ್ರಕ್ಕೂ ಸ್ಟಿಯರಿಂಗಿಗೂ ನಡುವೆ ಎಣ್ಣೆಯ ಕೊಳವೆಗಳನ್ನು ಮಾತ್ರ ಇಡುವುದು. ಮಣ್ಣು ತೆಗೆಯುವ ಯಂತ್ರಗಳಲ್ಲಿ ಈ ಪದ್ಧತಿಯುಂಟು. ಕೊಳವೆ ಒಡೆದರೆ ಕೈಯಲ್ಲಿ ಏನೂ ಉಳಿಯದಾದುದರಿಂದ, ರಸ್ತೆಯಲ್ಲಿ ವೇಗವಾಗಿ ಓಡುವ ಟ್ರಕ್ಕಿಗೆ ಇದು ಸಲ್ಲದು. ಮೊದಲೆರಡರಲ್ಲಿ ಎಣ್ಣೆ ಸೋರಿಹೋದರೂ ಕಬ್ಬಿಣದ ಸಂಪರ್ಕ ಉಳಿಯುತ್ತದೆ. ಭಾರವಾದರೂ ಗಾಡಿ ಮಾತು ಕೇಳುತ್ತದೆ.

ಮರೆಯಬಾರದ ಎಚ್ಚರಿಕೆಗಳು

ಹೊಸ ಬಾಕ್ಸು ಹಾಕುವ ಬಲವನ್ನು ಹಳೆಯ ಛಾಸಿ ತಡೆದುಕೊಳ್ಳಬೇಕು. ತೆಳು ಜಾಗದಲ್ಲಿ ನೇರವಾಗಿ ಬೋಲ್ಟು ಹಾಕಿದರೆ ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ. ಆಧಾರದ ದಪ್ಪ ತಗಡು ಅವಶ್ಯ. ಸ್ಟಿಯರಿಂಗಿನ ತೋಳುಗಳು ಕಾಯಿಸಿ ಬಡಿದು ಹದಗೊಳಿಸಿದ ಉಕ್ಕಿನವು. ಅವನ್ನು ಕತ್ತರಿಸಿ ವೆಲ್ಡಿಂಗ್ ಮಾಡುವುದು, ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದು ಸರ್ವಥಾ ಕೂಡದು. ಡ್ರ್ಯಾಗ್ ಲಿಂಕಿನ ಉದ್ದವೂ ಕೋನವೂ ಬದಲಾದರೆ, ಹಳ್ಳ ಬಿದ್ದ ದಾರಿಯಲ್ಲಿ ಸ್ಪ್ರಿಂಗು ಕುಗ್ಗಿದಾಗಲೆಲ್ಲ ಚಕ್ರಗಳು ತಾವಾಗಿಯೇ ತಿರುಗತೊಡಗುತ್ತವೆ. ಮುಂದಿನ ಅಚ್ಚಿನ ಕೀಲುಗಳಿಗೆ ತಿರುಗುವ ಮಿತಿಯುಂಟು. ಮೊದಲು ರಟ್ಟೆ ಸೋತು ನಿಲ್ಲುತ್ತಿದ್ದ ಕಡೆ ಈಗ ಎಣ್ಣೆ ನಿಲ್ಲದೆ ತಳ್ಳುತ್ತದೆ. ಆದುದರಿಂದ ತಡೆಬೋಲ್ಟುಗಳನ್ನೂ ಒತ್ತಡದ ಮಿತಿಯನ್ನೂ ಮೊದಲೇ ಹೊಂದಿಸಬೇಕು. ಕೊಳವೆಗಳು ಎಲ್ಲಿಯೂ ಉಜ್ಜದಂತೆ, ಬಿಸಿ ಭಾಗಗಳಿಗೆ ತಗುಲದಂತೆ ಸಾಗಬೇಕು.

ಎಂಜಿನ್ ನಿಂತರೆ ಸಹಾಯವೂ ನಿಲ್ಲುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸುವ ದುರಭ್ಯಾಸವಿರುವವರು ಇದನ್ನು ಮನದಟ್ಟು ಮಾಡಿಕೊಳ್ಳಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು. ಆ ದುರಂತದ ಕಾರಣಗಳ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಆದರೆ ನಾಲೆಯ ಬದಿಯ ರಸ್ತೆಯಲ್ಲಿ ತಪ್ಪನ್ನು ತಿದ್ದಿಕೊಳ್ಳಲು ದೊರೆಯುವ ಜಾಗ ಎಷ್ಟು ಕಿರಿದೆಂಬುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು

ಸೇನೆಯ ಸೇವೆಯಿಂದ ಹೊರಬಂದ ವಾಹನವು ರಸ್ತೆಗಿಳಿಯಬೇಕಾದರೆ ನಾಗರಿಕ ನೋಂದಣಿ ಪಡೆಯಬೇಕು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಹೀಗಾಗಿ ಕೆಲಸಕ್ಕೆ ಕೈಹಚ್ಚುವ ಮುನ್ನವೇ ಸಾರಿಗೆ ಅಧಿಕಾರಿಗಳಿಂದ ಲಿಖಿತ ಅಭಿಪ್ರಾಯ ಪಡೆಯುವುದು ಲೇಸು, ವಿಮೆಯವರಿಗೂ ತಿಳಿಸಬೇಕು. 1989ರ ನಿಯಮಗಳ 98ನೆಯ ನಿಯಮದಂತೆ ಸ್ಟಿಯರಿಂಗ್ ಚಕ್ರದ ಸಡಿಲಾಟ 30 ಡಿಗ್ರಿ ಮೀರಕೂಡದು. 50 ಸೆಂಟಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ ಇದು ಸುಮಾರು 13 ಸೆಂಟಿಮೀಟರ್; ಅಳತೆಯ ಪಟ್ಟಿಯಿದ್ದ ಯಾರಾದರೂ ಪರೀಕ್ಷಿಸಬಹುದು.

ತರಗತಿಯಲ್ಲಿ

ಶಿಕ್ಷಕ ಬಂಧುಗಳು ಈ ಪಾಠವನ್ನು ಅಲ್ಪ ವೆಚ್ಚದಲ್ಲಿ ತೋರಿಸಬಹುದು. ಸೂಜಿ ತೆಗೆದ ಸಣ್ಣದೊಂದು, ದೊಡ್ಡದೊಂದು ಸಿರಿಂಜಿಗೆ ನೀರು ತುಂಬಿ, ಗಾಳಿಗುಳ್ಳೆ ಉಳಿಯದಂತೆ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಬೇಕು. ಇಬ್ಬರು ಮಕ್ಕಳು ಎದುರುಬದುರಾಗಿ ಒತ್ತಿದರೆ ಸಣ್ಣ ಸಿರಿಂಜು ಹಿಡಿದ ಎಳೆಯ ಮಗುವೇ ಗೆಲ್ಲುತ್ತದೆ. ವ್ಯಾಸ ಎರಡರಷ್ಟಾದರೆ ಬಲ ನಾಲ್ಕರಷ್ಟು. ಚಲಿಸುವ ದೂರ ಮಾತ್ರ ನಾಲ್ಕನೆಯ ಒಂದು ಪಾಲು. ನಿಸರ್ಗದ ಈ ಲೆಕ್ಕದಲ್ಲಿ ಸಾಲವೂ ಇಲ್ಲ, ಉಚಿತವೂ ಇಲ್ಲ. ಪವರ್ ಸ್ಟಿಯರಿಂಗಿನಲ್ಲಿ ಉಳಿದ ಶ್ರಮವನ್ನು ಎಂಜಿನ್ನು ಎಣ್ಣೆ ಸುಟ್ಟು ಭರಿಸುತ್ತದೆ.

ಮೋಟಾರು ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಕಳಚಿದ ಒಂದು ಹಳೆಯ ಸ್ಟಿಯರಿಂಗ್ ಬಾಕ್ಸನ್ನೋ ಪಂಪನ್ನೋ ಪ್ರಯೋಗಶಾಲೆಗೆ ಕೊಟ್ಟರೆ, ದಾನಿಗಳು ಅದನ್ನಿಡಲು ಒಂದು ಮೇಜನ್ನು ಒದಗಿಸಿದರೆ, ಪುಸ್ತಕದ ನಿಯಮಕ್ಕೂ ಊರಿನ ರಸ್ತೆಗೂ ನಡುವಣ ಅಂತರ ಬಹಳಷ್ಟು ಕಡಿಮೆಯಾದೀತು. ನಾಳೆ ಇದೇ ಮಕ್ಕಳಲ್ಲಿ ಕೆಲವರು ಲಾರಿ ನಡೆಸುವರು, ಕೆಲವರು ದುರಸ್ತಿ ಮಾಡುವರು. ಉಳಿದವರು ಆ ಲಾರಿಗಳ ಎದುರು ಅದೇ ರಸ್ತೆಯಲ್ಲಿ ಸಾಗುವರು.